ನಿಂತರೆ ಆರುವ ಸರ್ಕಾರಿ ಎಂಜಿನ್

ಸಾರ್ವಜನಿಕ ಅಹವಾಲು ನಿವಾರಣಾ ಇಲಾಖೆಯ ನಿರ್ದೇಶಕರ ಕಾರು ಓಡುವಾಗ ಓಡುತ್ತದೆ, ನಿಂತಾಗ ಆರಿಹೋಗುತ್ತದೆ. ಇದು ಇಲಾಖೆ ವಿಧಿವತ್ತಾಗಿ ಒಪ್ಪಿಕೊಂಡಿರುವ ಸಂಗತಿ. ಈ ಬಗ್ಗೆ ಈಗ ಯಾರದೂ ತಕರಾರಿಲ್ಲ. ತಕರಾರಿದ್ದವರು ಕೆಲವರಿದ್ದರು, ಅವರೂ ಸುಧಾರಿಸಿದ್ದಾರೆ.

ಕಾರಿನ ಹೊಣೆ ವಾಹನ ಶಾಖೆಯ ಮೇಲ್ವಿಚಾರಕರದು. ಇಲಾಖೆಯಲ್ಲಿ ಅವರನ್ನು ಎಲ್ಲರೂ 'ನ್ಯೂಟ್ರಲ್' ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಸೇವೆಗೆ ಸೇರಿದಾಗಿನಿಂದ ಅವರು ಯಾವ ವಿಷಯಕ್ಕೂ ಹೌದು ಅಂದವರಲ್ಲ, ಅಲ್ಲ ಅಂದವರೂ ಅಲ್ಲ. ಏನೇ ಕೇಳಿದರೂ "ಪರಿಶೀಲಿಸಬಹುದು" ಎನ್ನುವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಸಾಧ್ಯವಾದರೆ ಅಲ್ಲೊಂದು ಹಾವಿತ್ತು ಅನ್ನುವುದೇ ಯಾರಿಗೂ ತಿಳಿಯಬಾರದು ಎಂಬುದು ಅವರ ಸೇವಾನೀತಿ. ಇಂಥವರಿಗೆ ಜೀವನದಲ್ಲಿ ಇದ್ದದ್ದು ಒಂದೇ ಭಯ: ಹಳೇ ಟೈರುಗಳ ಗೋದಾಮು. ಅವರಿಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರನ್ನು, ನಿರ್ದೇಶಕರ ಕಾರಿನ ಹಾರ್ನು ಗೌರವಯುತವಾಗಿ ಕೂಗಲಿಲ್ಲವೆಂಬ ಕಾರಣಕ್ಕೆ ಅಲ್ಲಿಗೆ ವರ್ಗ ಮಾಡಲಾಗಿತ್ತು. ಆಮೇಲೆ ಅವರನ್ನು ಕಣ್ಣಾರೆ ಕಂಡವರಿಲ್ಲ. ಟೈರುಗಳ ರಾಶಿಯಾಚೆಯಿಂದ ಕೆಮ್ಮು ಕೇಳಿಸುತ್ತದೆ. ಅದನ್ನೇ ಹಾಜರಿ ಎಂದು ಪರಿಗಣಿಸಿ ಸಂಬಳ ಕೊಡಲಾಗುತ್ತಿದೆ.

ಕಾರು ಮೊದಲ ಸಲ ಕೈಕೊಟ್ಟದ್ದು ಕಚೇರಿಯ ಗೇಟಿನಲ್ಲಿ. ಕಾವಲುಗಾರ ಸೆಲ್ಯೂಟಿಗೆ ಕೈ ಎತ್ತಿದ್ದ. ಎಂಜಿನ್ನಿನ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಚಳಿಜ್ವರ ಬಂದವರ ಹಾಗೆ ಗಾಡಿಯೆಲ್ಲ ಗಡಗಡ ನಡುಗಿ, ಗುಡುಕ್ ಎಂದು ಸುಮ್ಮನಾಯಿತು. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿತು. ನಿರ್ದೇಶಕರ ಕೈಯಲ್ಲಿದ್ದ ಚಹಾ ಅವರ ಅಂಗಿಗೆ ಹೋಯಿತು. ಕೆಟ್ಟು ನಿಂತ ಕಾರಿಗೆ ಸೆಲ್ಯೂಟ್ ಮುಂದುವರಿಸಬೇಕೋ ಇಳಿಸಬೇಕೋ ತಿಳಿಯದೆ ಕಾವಲುಗಾರ ಕೈಯನ್ನು ಕಿವಿಯ ಹತ್ತಿರ ತಂದು ಕೆರೆದುಕೊಳ್ಳತೊಡಗಿದ.

"ಇದೇನ್ರೀ ಇದು?" ಎಂದರು ನಿರ್ದೇಶಕರು, ಓಡಿಬಂದ ನ್ಯೂಟ್ರಲ್ ಅವರನ್ನು ಕಂಡು.

"ಪರಿಶೀಲಿಸಬಹುದು ಸರ್."

"ಟೈರ್ ಗೋದಾಮಿನಲ್ಲಿ ಇನ್ನೊಂದು ಕುರ್ಚಿಗೆ ಜಾಗ ಇದೆಯಾ, ಅದನ್ನೂ ಪರಿಶೀಲಿಸಿ."

ಆ ದಿನವೆಲ್ಲ ನ್ಯೂಟ್ರಲ್ ಕೆಮ್ಮು ಬಂದರೂ ಹೆದರಿಕೆಯಿಂದ ನುಂಗಿಕೊಂಡರು.

ಅವರ ಹೆಂಡತಿಯ ತಂಗಿಗೆ ಎರಡು ಬೀದಿ ಆಚೆ ಒಂದು ಗ್ಯಾರೇಜಿತ್ತು. ಮಾತಿನಲ್ಲೂ ಕೈಯಲ್ಲೂ ಚುರುಕಿನವಳು. ತನ್ನಷ್ಟು ಚೆನ್ನಾಗಿ ಎಂಜಿನ್ ಬಿಚ್ಚುವವರು ಸುತ್ತಮುತ್ತ ಯಾರೂ ಇಲ್ಲವೆಂದು ತಾನೇ ಹೇಳಿಕೊಳ್ಳುವುದರಲ್ಲಿ ಅವಳಿಗೆ ಸಂಕೋಚವೇ ಇರಲಿಲ್ಲ. ಸಂಜೆ ಅಕ್ಕನ ಮನೆಗೆ ಬಂದವಳು, ಗ್ರೀಸ್ ಹತ್ತಿದ ಕೈಯನ್ನು ಅಕ್ಕನ ಹೊಸ ಟವೆಲ್ಲಿಗೇ ಒರೆಸಿಕೊಂಡು, ಭಾವನ ಮುಖ ನೋಡಿ ಕೇಳಿದಳು: "ಏನ್ ಭಾವ, ಮುಖ ಪಂಕ್ಚರ್ ಆಗಿದೆ?"

ನ್ಯೂಟ್ರಲ್ ನಡೆದದ್ದನ್ನು ಹೇಳಿದರು.

"ಅಯ್ಯೋ, ಇಷ್ಟೇನಾ! ಗಾಳಿ ಅಳೆಯೋ ಸೆನ್ಸರ್ ಹೋಗಿದೆ. ಎಂಜಿನ್ ಎಷ್ಟು ಉಸಿರು ಎಳ್ಕೊಳ್ತಿದೆ ಅಂತ ಅದು ಸುಳ್ಳು ಲೆಕ್ಕ ಕೊಡತ್ತೆ. ಕಾರಿನ ಕಂಪ್ಯೂಟರ್ ಅದನ್ನೇ ನಂಬಿ ಪೆಟ್ರೋಲ್ ಕಮ್ಮಿ ಬಿಡತ್ತೆ. ಜೋರಾಗಿ ಓಡ್ವಾಗ ಹೇಗೋ ನಡೆಯತ್ತೆ, ನಿಂತಾಗ ಐಡ್ಲಿಂಗ್ ಹಿಡಿಯಲ್ಲ, ಉಸಿರು ಕಟ್ಟಿ ಸಾಯತ್ತೆ. ಬೇರೆ ಸೆನ್ಸರ್ ಹಾಕಿ, ಗಾಳಿ ಹೋಗೋ ದಾರಿ ಕ್ಲೀನ್ ಮಾಡಿದ್ರೆ ಮುಗೀತು. ನೀವು ಊಟ ಮಾಡಿ ಕೈ ತೊಳೆಯೋದ್ರೊಳಗೆ ಮಾಡ್ಕೊಡ್ತೀನಿ."

"ಆಗಲ್ಲಮ್ಮ. ಇಲಾಖೆಯ ವಾಹನವನ್ನು ಹತ್ತಿರದ ಸಂಬಂಧಿಕರಿಂದ ದುರಸ್ತಿ ಮಾಡಿಸತಕ್ಕದ್ದಲ್ಲ ಅಂತ ನಿಯಮ ಇದೆ. ನೀನು ನಾದಿನಿ."

"ಹಾಗಾದ್ರೆ ಅರ್ಧ ದಿನದ ಮಟ್ಟಿಗೆ ಅಕ್ಕನ್ನ ಬಿಟ್ಬಿಡಿ."

ಒಳಗಿನಿಂದ ಅಕ್ಕ ಕೂಗಿದಳು: "ಅರ್ಧ ದಿನಕ್ಕೆಲ್ಲ ನಾನು ಒಪ್ಪಲ್ಲ ಕಣೇ. ಬಿಡೋದಾದ್ರೆ ಒಂದು ವಾರ ಬಿಡ್ಲಿ, ನಂಗೂ ರೆಸ್ಟ್ ಸಿಗತ್ತೆ."

ಅನುಮೋದಿತ ಗ್ಯಾರೇಜಿಗೆ ಕಳುಹಿಸೋಣವೆಂದರೆ ಅಂಥದೊಂದು ಇರಲಿಲ್ಲ. ಗ್ಯಾರೇಜನ್ನು ಅನುಮೋದಿಸಬೇಕಾದ ಮಂಡಳಿಯ ಸದಸ್ಯರು ಸಭೆಗೆ ಬರಲು ಇಲಾಖೆಯ ಕಾರನ್ನು ಎದುರು ನೋಡುತ್ತಿದ್ದರು. ಆದ್ದರಿಂದ ನಿಯಮಾನುಸಾರ ಒಂದು ತನಿಖಾ ಸಮಿತಿ ರಚನೆಯಾಯಿತು. ಕಾನೂನು ಅಧಿಕಾರಿಗಳು ಅಧ್ಯಕ್ಷರು. ವಿಷಯ ಗಾಳಿಗೆ ಸಂಬಂಧಿಸಿದ್ದಾದ್ದರಿಂದ ಕಚೇರಿಯ ಉದ್ಯಾನದ ಮೇಲ್ವಿಚಾರಕರು ಸದಸ್ಯರು. ನ್ಯೂಟ್ರಲ್ ಅವರನ್ನು ಕರೆಸಿ, ಬಾನೆಟ್ ತೆರೆಸಿ, ಸೆನ್ಸರನ್ನು ತೋರಿಸುವಂತೆ ಹೇಳಲಾಯಿತು. ಹೆಬ್ಬೆರಳಿಗಿಂತ ತುಸು ದಪ್ಪನೆಯ ಕಪ್ಪು ಪ್ಲಾಸ್ಟಿಕ್ ವಸ್ತು. ಉದ್ಯಾನದ ಮೇಲ್ವಿಚಾರಕರು ಅದನ್ನು ಮೂಸಿ ನೋಡಿ, ಗೊಬ್ಬರ ಸಾಲದು ಎಂದರು.

"ಇದು ಗಾಡಿಯ ಜೊತೆಗೇ ಬಂದದ್ದೋ, ಆಮೇಲೆ ಸೇರಿದ್ದೋ?" ಎಂದು ಕೇಳಿದರು ಕಾನೂನು ಅಧಿಕಾರಿಗಳು.

"ಹಿಂದೊಮ್ಮೆ ಬದಲಾಯಿಸಿದ್ದಾರೆ ಸರ್. ಹೊರಗಿನಿಂದ ತಂದು ಹಾಕಿದ್ದು."

"ಹಾಗಾದರೆ ಹೊರಗುತ್ತಿಗೆ. ಖಾಯಂ ಎಂಜಿನ್ನಿನ ವಿರುದ್ಧ ಹೊರಗುತ್ತಿಗೆಯ ಸೆನ್ಸರ್ ಹೇಳಿಕೆ ಕೊಟ್ಟರೆ ಅದಕ್ಕೆ ಬೆಲೆ ಏನು ಬಂತು?"

"ಅದು ಸುಳ್ಳು ಹೇಳ್ತಿದೆ, ಕಂಪ್ಯೂಟರ್ ನಂಬ್ತಿದೆ, ಅದೇ ತೊಂದರೆ ಅಂತಾರೆ ಸರ್ ತಿಳಿದವರು."

ಕಾನೂನು ಅಧಿಕಾರಿಗಳು ಕನ್ನಡಕ ತೆಗೆದು ನ್ಯೂಟ್ರಲ್ ಅವರನ್ನು ಕನಿಕರದಿಂದ ನೋಡಿದರು. "ಕೆಳಗಿನವರು ಸುಳ್ಳು ಹೇಳೋದು, ಮೇಲಿನವರು ನಂಬೋದು. ಇದರಲ್ಲಿ ದೋಷ ಎಲ್ಲಿದೆ ಸ್ವಾಮಿ? ಇಷ್ಟು ವರ್ಷ ಇಲಾಖೆ ನಡೆದಿರೋದೇ ಹೀಗಲ್ವಾ?"

ಆದರೂ ಶಿಸ್ತು ಶಿಸ್ತೇ. ಸೆನ್ಸರಿಗೆ ಕಾರಣ ಕೇಳಿ ನೋಟಿಸು ಅಂಟಿಸಲಾಯಿತು. ಉತ್ತರ ಬಾರದ್ದರಿಂದ ತಪ್ಪೊಪ್ಪಿಗೆ ಎಂದು ಭಾವಿಸಿ ಅದನ್ನು ಅಮಾನತಿನಲ್ಲಿಡಲಾಯಿತು. ಅಮಾನತಾದವರು ಕೇಂದ್ರಸ್ಥಾನ ಬಿಟ್ಟು ಹೋಗುವಂತಿಲ್ಲವಾದ್ದರಿಂದ ಅದು ಎಂಜಿನ್ನಿನಲ್ಲೇ ಮುಂದುವರಿಯಿತು. ಹಳದಿ ದೀಪ ಪದೇ ಪದೇ ಇಲಾಖೆಯ ಆಂತರಿಕ ವಿಷಯವನ್ನು ಬಹಿರಂಗಪಡಿಸುತ್ತಿದೆಯೆಂದು ಅದರ ಮೇಲೆ ಕಪ್ಪು ಟೇಪು ಅಂಟಿಸಿದರು. ಸಮಿತಿ ಪರಸ್ಪರ ಅಭಿನಂದಿಸಿಕೊಂಡು ವಿಸರ್ಜನೆಯಾಯಿತು.

ಕಾರು ಮಾತ್ರ ನಿಂತಲ್ಲೆಲ್ಲ ಆರುತ್ತಲೇ ಇತ್ತು.

"ಸರ್, ನಿಂತಾಗ ಆಕ್ಸಿಲರೇಟರ್ ಸ್ವಲ್ಪ ಒತ್ತಿಟ್ಕೊಂಡ್ರೆ ಆರಲ್ಲ," ಎಂದ ಚಾಲಕ.

"ನಿಂತ ವಾಹನದಲ್ಲಿ ಆಕ್ಸಿಲರೇಟರ್ ಒತ್ತೋದು ಇಂಧನದ ಅಪವ್ಯಯ ಅಂತ ಸುತ್ತೋಲೆ ಇದೆಯಪ್ಪ."

"ಹಾಗಾದ್ರೆ ನಾನೇ ಕೀ ತಿರುಗಿಸಿ ಆಫ್ ಮಾಡ್ಬಿಡ್ತೀನಿ."

"ಅಧಿಕಾರಿಗಳು ಇಳಿಯುವ ಮುನ್ನ ಎಂಜಿನ್ ಆರಿಸೋದು ಅಗೌರವ. ಅದಕ್ಕೂ ಸುತ್ತೋಲೆ ಇದೆ."

ಚಾಲಕ ಸ್ಟಿಯರಿಂಗ್ ಮೇಲೆ ಕೈಯಿಟ್ಟು ಯೋಚಿಸಿದ. "ಅಲ್ಲಿಗೆ ನಿಲ್ಲಿಸೋ ಹಾಗೇ ಇಲ್ಲ ಅಂದಹಾಗಾಯ್ತು."

"ಹಾಗಂತ ನಾನು ಹೇಳಲಿಲ್ಲ," ಎಂದರು ನ್ಯೂಟ್ರಲ್. "ಹಾಗಲ್ಲ ಅಂತಲೂ ಹೇಳಲಿಲ್ಲ."

ಮರುದಿನ ಬೆಳಿಗ್ಗೆ ಕಾರು ನಡಿಗೆಯ ವೇಗದಲ್ಲಿ ಕಚೇರಿಯ ಮುಖಮಂಟಪಕ್ಕೆ ಬಂತು. ನ್ಯೂಟ್ರಲ್ ಪಕ್ಕದಲ್ಲೇ ಓಡುತ್ತಾ ಬಾಗಿಲು ತೆರೆದರು. ನಿರ್ದೇಶಕರು ಘನವಾದ ಶರೀರದವರು. ಅವರ ಒಂದು ಕಾಲು ಮುಖಮಂಟಪದಲ್ಲಿ ಇಳಿಯಿತು. ನಿರ್ದೇಶಕರ ಉಳಿದ ಭಾಗ ಕಾರಿನ ಜೊತೆ ಮುಂದಕ್ಕೆ ಹೋಗಿ ಹೂಕುಂಡಗಳ ಸಾಲಿನಲ್ಲಿ ಇಳಿಯಿತು. ತಲೆಯಲ್ಲಿ ಒಂದು ಎಲೆ ಸಿಕ್ಕಿಸಿಕೊಂಡು ಎದ್ದು ಕೂತಾಗ ಸಿಬ್ಬಂದಿಯೆಲ್ಲ ಸಾಲಾಗಿ ನಿಂತು ನಮಸ್ಕರಿಸಿದರು. ಉದ್ಯಾನದ ಮೇಲ್ವಿಚಾರಕರೊಬ್ಬರೇ ಕುಂಡಗಳಿಗಾಗಿ ಕಣ್ಣೀರು ಹಾಕಿದರು.

"ನಾಳೆಯಿಂದ ನಾನು ಇಳಿಯಲ್ಲ," ಎಂದರು ನಿರ್ದೇಶಕರು. "ಕಚೇರೀನೇ ಹತ್ತಲಿ. ಮತ್ತೆ ನೀವು, ನ್ಯೂಟ್ರಲ್... ಈ ಕುಂಡದ ವಿಷಯ ನಾನು ಮರೆಯಲ್ಲ."

ಹೀಗೆ ಇಲಾಖೆ ಚಲನಶೀಲವಾಯಿತು. ಕಾರು ಕಚೇರಿಯ ಸುತ್ತಲಿನ ರಸ್ತೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಸುತ್ತುವುದು. ಕಡತಗಳನ್ನು ಹೊತ್ತ ಗುಮಾಸ್ತರು ಎಡಗಡೆ ಓಡಿ ಕಿಟಕಿಯೊಳಗೆ ಹಾಕುವರು. ಸಹಿಯಾದದ್ದು ಬಲಗಡೆಯಿಂದ ಹೊರಬೀಳುವುದು, ಅದನ್ನು ಹಿಡಿಯಲು ಬಲಗಡೆಯವರು ಓಡುವರು. ಪೆಟ್ರೋಲ್ ಬಂಕಿನವನು ಪೈಪು ಹಿಡಿದು ಹಿಂದೆ ಓಡುವುದನ್ನು ಕಲಿತ. ಅಹವಾಲು ಹೇಳಿಕೊಳ್ಳಲು ಬಂದ ಜನ ಮೊದಲು ಬಾಯಿ ಬಿಟ್ಟುಕೊಂಡು ನೋಡಿದರು, ಆಮೇಲೆ ಅವರೂ ಓಡತೊಡಗಿದರು. ಅವರಲ್ಲಿ ಮುಂಚೂಣಿಯಲ್ಲಿದ್ದವರು ಒಬ್ಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರ ಮನೆಯ ಮುಂಬಾಗಿಲಿಗೆ ಸರಿಯಾಗಿ ಅಡ್ಡಲಾಗಿ ಯಾರೋ ವಿದ್ಯುತ್ ಕಂಬ ನೆಟ್ಟುಹೋಗಿದ್ದರು. ಮನೆಮಂದಿ ಅಂದಿನಿಂದ ಕಿಟಕಿಯಲ್ಲಿ ಓಡಾಡುತ್ತಿದ್ದರು. ಹಾಗಾಗಿ ಮೇಷ್ಟ್ರ ಮೈ ಹಗುರಾಗಿ, ಓಟಕ್ಕೆ ಹದವಾಗಿತ್ತು.

ಎಲ್ಲರಿಗಿಂತ ಹೆಚ್ಚು ಓಡಬೇಕಾಗಿ ಬಂದದ್ದು ನ್ಯೂಟ್ರಲ್ ಅವರಿಗೆ. ಕಾರಿನ ಹೊಣೆ ಅವರದಲ್ಲವೇ? ಸಂಜೆ ಮನೆಗೆ ಬಂದರೆ ಮಂಡಿ ಬಾಗುತ್ತಿರಲಿಲ್ಲ, ಬಾಗಿದರೆ ನೆಟ್ಟಗಾಗುತ್ತಿರಲಿಲ್ಲ. ಹೆಂಡತಿ ಎಣ್ಣೆ ತಿಕ್ಕುತ್ತಾ, "ರೀ, ಅವಳಿಂದ ರಿಪೇರಿ ಮಾಡಿಸ್ಬಿಡ್ರೀ. ಯಾರಿಗೂ ಹೇಳದೆ ಮಾಡ್ತಾಳೆ. ಹೀಗೇ ಓಡ್ತಿದ್ರೆ ನೀವು ರಿಟೈರ್ ಆಗೋಕೆ ಮುಂಚೆ ನಿಮ್ಮ ಮಂಡಿ ರಿಟೈರ್ ಆಗತ್ತೆ," ಎಂದಳು. ಗೋದಾಮಿನ ಭಯ ಒಂದು ಕಡೆ, ನಿಯಮದ ಭಯ ಇನ್ನೊಂದು ಕಡೆ. ಅತ್ತ ದರಿ ಇತ್ತ ಪುಲಿ. ಕೊನೆಗೆ ನೋವೇ ಗೆದ್ದಿತು. ಕಾರು ರಿಪೇರಿಯಾದರೆ ನಿರ್ದೇಶಕರು ಕುಂಡವನ್ನು ಮರೆತು ಬೆನ್ನು ತಟ್ಟಿಯಾರು ಎಂದು ಕನಸೂ ಕಂಡರು.

ರಜೆಯ ದಿನ ಮಧ್ಯಾಹ್ನ ನಾದಿನಿ ಇಲಾಖೆಯ ಶೆಡ್ಡಿಗೆ ಬಂದಳು. ಹಳೇ ಸೆನ್ಸರ್ ಬಿಚ್ಚಿದಳು, ಗಾಳಿ ಹೋಗುವ ಕೊಳವೆಯ ಮಸಿ ತೊಳೆದಳು, ಹೊಸ ಸೆನ್ಸರ್ ಕೂರಿಸಿ ಎಂಜಿನ್ ಚಾಲೂ ಮಾಡಿದಳು. ಕಾರು ನಿಂತಲ್ಲೇ ನಿಂತು, ಹಾಲು ಕುಡಿದ ಬೆಕ್ಕಿನ ಹಾಗೆ ಒಂದೇ ಸಮನೆ ಗುರುಗುಟ್ಟಿತು. ಟೇಪಿನ ಹಿಂದೆ ಹಳದಿ ದೀಪವೂ ಆರಿತ್ತು. "ನೋಡಿ ಭಾವ, ಬಾನೆಟ್ ಮೇಲೆ ನೀರಿನ ಲೋಟ ಇಟ್ರೂ ಅಲುಗಾಡಲ್ಲ," ಎಂದಳು. ಇಟ್ಟು ನೋಡಿದರು. ಅಲುಗಾಡಲಿಲ್ಲ. ನ್ಯೂಟ್ರಲ್ ಆನಂದ ತಡೆಯಲಾಗದೆ ಆ ನೀರನ್ನೇ ಕುಡಿದರು.

ಮಾರನೆಯ ಬೆಳಿಗ್ಗೆ ಕಾರು ಇನ್ನೂ ತೆರೆಯದ ಗೇಟಿಗೆ ಬಂತು. ನಿಂತಿತು. ಆರಲಿಲ್ಲ. ಚಾಲಕ ಬೆರಗಾಗಿ ಮುಂದೆ ಹೋಗುವುದನ್ನೇ ಮರೆತ. ಹಿಂದೆ ಓಡಿಬರುತ್ತಿದ್ದ ಜನಕ್ಕೂ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಕೆಲವರು ರೂಢಿಬಲದಿಂದ ಕಾರನ್ನು ದಾಟಿ ಮುಂದಕ್ಕೇ ಓಡಿಹೋದರು. ಡ್ರಾಯಿಂಗ್ ಮೇಷ್ಟ್ರು ಮಾತ್ರ ಕಿಟಕಿಯ ಹತ್ತಿರ ನಿಂತರು, ಉಸಿರು ಎಳೆದುಕೊಂಡರು, ಕಂಬದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಮಧ್ಯೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಯ ಚಿತ್ರವನ್ನೂ ಬರೆದು ತೋರಿಸಿದರು. ನಿರ್ದೇಶಕರು ತಮ್ಮ ಸೇವೆಯಲ್ಲೇ ಮೊದಲ ಸಲ ಒಂದು ಅಹವಾಲನ್ನು ಪೂರ್ತಿ ಕೇಳಿದರು. ಕೇಳಿದ ಮೇಲೆ, ನೋಡಿದವರು ಹೇಳುವ ಪ್ರಕಾರ, ಅವರ ಕೈ ತಾನಾಗಿ ಜೇಬಿನ ಪೆನ್ನಿನ ಕಡೆಗೆ ಹೋಯಿತು. ಕಂಬ ತೆಗೆಸಿ ಎಂದು ಇನ್ನೇನು ಬರೆದೇಬಿಡುವವರಿದ್ದರು. ಪುಣ್ಯಕ್ಕೆ ಕಾನೂನು ಅಧಿಕಾರಿಗಳು ಹಾರಿ ಬಂದು ಕೈ ಹಿಡಿದರು.

ಆ ಬೆಳಿಗ್ಗೆ ಇಲಾಖೆಯಲ್ಲಿ ಸೂತಕದ ಕಳೆ.

"ಒಂದು ಬಗೆಹರಿದಿದ್ದರೆ ಏನಾಗ್ತಿತ್ತು, ಗೊತ್ತೇನ್ರೀ?" ನಿರ್ದೇಶಕರು ಪೆನ್ನನ್ನು ಜೇಬಿನ ತಳಕ್ಕೆ ತಳ್ಳಿದರು. "ಬೇರೆಯವರೂ ಬಗೆಹರಿಸಿ ಅಂತ ಬರ್ತಿದ್ರು! ಇಷ್ಟು ದಿನ ಎಷ್ಟು ಸುಖವಾಗಿತ್ತು. ಕಾರು ಹೋಗ್ತಾ ಇರತ್ತೆ, ಕನ್ನಡೀಲಿ ನೋಡ್ತೀನಿ, ಎಂಥಾ ದೊಡ್ಡ ಅಹವಾಲಾದ್ರೂ ಚಿಕ್ಕದಾಗ್ತಾ ಚಿಕ್ಕದಾಗ್ತಾ ಮಾಯ ಆಗ್ತಿತ್ತು. ಯಾರ್ರೀ ಇದನ್ನ ರಿಪೇರಿ ಮಾಡಿದ್ದು?"

ಎಲ್ಲರ ಕಣ್ಣೂ ನ್ಯೂಟ್ರಲ್ ಅವರ ಕಡೆ ತಿರುಗಿತು. ಬೆನ್ನು ತಟ್ಟಿಸಿಕೊಳ್ಳಲು ಬಂದವರಿಗೆ ಬೆನ್ನೇ ಮುರಿಯುವ ಕಾಲ.

ಕಾನೂನು ಅಧಿಕಾರಿಗಳು ಸ್ಥಳದಲ್ಲೇ ಆದೇಶ ಓದಿದರು: "ಇಲಾಖಾ ವಾಹನವನ್ನು ಅನಧಿಕೃತವಾಗಿ ಸುಸ್ಥಿತಿಗೆ ತಂದಿರುವುದು ಗಂಭೀರ ದುರ್ನಡತೆಯಾಗಿದ್ದು, ಮೇಲ್ವಿಚಾರಕರು ಸದರಿ ವಾಹನವನ್ನು ನಾಳೆಯೊಳಗೆ ಯಥಾಸ್ಥಿತಿಗೆ ಕೆಡಿಸತಕ್ಕದ್ದು. ತಪ್ಪಿದಲ್ಲಿ ಅವರನ್ನು ಟೈರು ಗೋದಾಮಿಗೆ ನಿಯೋಜಿಸಲಾಗುವುದು."

ನ್ಯೂಟ್ರಲ್ ಗ್ಯಾರೇಜಿಗೆ ಓಡಿಕೊಂಡೇ ಹೋದರು. ನಾದಿನಿ ಒಂದು ಕಾರಿನ ಕೆಳಗೆ ಮಲಗಿದ್ದಳು. ಹೊರಗೆ ಕಾಣುತ್ತಿದ್ದದ್ದು ಪಾದ ಮಾತ್ರ. ನ್ಯೂಟ್ರಲ್ ಆ ಪಾದಗಳಿಗೇ ಎಲ್ಲವನ್ನೂ ನಿವೇದಿಸಿಕೊಂಡರು.

"ಕೆಟ್ಟದ್ದನ್ನ ಸರಿ ಮಾಡೋರು ಬೇಕಾದಷ್ಟು ಜನ ಸಿಗ್ತಾರೆ ಭಾವ," ಎಂದಿತು ಕಾರಿನಡಿಯ ದನಿ. "ಸರಿಯಾಗಿರೋದನ್ನ ಇಷ್ಟೇ ಇಷ್ಟು ಅಂತ ಹದವಾಗಿ ಕೆಡಿಸೋದು ಇದ್ಯಲ್ಲ, ಅದು ವಿದ್ಯೆ. ಅದ್ಸರಿ, ಸಂಬಂಧಿಕರು ಅನ್ನೋ ನಿಯಮ?"

ನ್ಯೂಟ್ರಲ್ ಯೋಚಿಸಿದರು. ನಿಯಮದಲ್ಲಿ ಇದ್ದದ್ದು ದುರಸ್ತಿ. ಕೆಡಿಸುವುದರ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ಕೆಡಿಸಬಹುದಾ ಭಾವ? ಹೌದೋ, ಅಲ್ವೋ? ಒಂದು ಹೇಳಿ."

ಅವರ ಬಾಯಿ ರೂಢಿಯಂತೆ 'ಪರಿ' ಎಂದು ಶುರುಮಾಡಿತು. ಮಂಡಿ ಚುಳುಕ್ ಎಂದಿತು. ಎಲ್ಲೋ ದೂರದಲ್ಲಿ ಯಾರೋ ಕೆಮ್ಮಿದಂತಾಯಿತು.

"ಹೌದು!" ಎಂದರು ನ್ಯೂಟ್ರಲ್.

ಎಷ್ಟು ಜೋರಾಗಿ ಅಂದರೆ, ನಾದಿನಿ ತಲೆಯೆತ್ತಿ ಕಾರಿಗೆ ಹಣೆ ಬಡಿಸಿಕೊಂಡಳು. ಆ ಮಾತಿನ ರುಚಿ ಅವರಿಗೆ ಎಷ್ಟು ಹತ್ತಿತೆಂದರೆ, ಮನೆಗೆ ಹೋಗುವ ದಾರಿಯಲ್ಲಿ ಯಾರೂ ಏನೂ ಕೇಳದಿದ್ದರೂ ಇನ್ನೆರಡು ಸಲ ಹೌದು ಅಂದುಕೊಂಡರು.

ಅವಳು ಹಳೇ ಸೆನ್ಸರನ್ನು ಡಬ್ಬಿಯಿಂದ ಹುಡುಕಿ ತೆಗೆದು ಕಾರಿಗೆ ಮತ್ತೆ ಕೂರಿಸಿದಳು. ಬೆಳಿಗ್ಗೆ ಪರೀಕ್ಷಾರ್ಥವಾಗಿ ಬ್ರೇಕು ಒತ್ತಿದಾಗ ಎಂಜಿನ್ ಏರಿ, ಇಳಿದು, ನಡುಗಿ, ಗುಡುಕ್ ಎಂದಿತು. ಇಡೀ ಇಲಾಖೆ ಚಪ್ಪಾಳೆ ತಟ್ಟಿತು. ಸೆನ್ಸರಿನ ಅಮಾನತು ರದ್ದಾಗಿ, ಅದರ ಸೇವೆಯನ್ನು ಖಾಯಂಗೊಳಿಸಲಾಯಿತು. ನಿರ್ದೇಶಕರು ಕಿಟಕಿಯಿಂದ ಕೈ ಹೊರಚಾಚಿ, ಪಕ್ಕದಲ್ಲಿ ಓಡುತ್ತಿದ್ದ ನ್ಯೂಟ್ರಲ್ ಅವರ ಬೆನ್ನು ತಟ್ಟಿದರು. ಕಾರು ಓಡುತ್ತಿದ್ದುದರಿಂದ ತಟ್ಟಿದ್ದು ಪಕ್ಕದ ಗುಮಾಸ್ತನಿಗೆ ಬಿತ್ತು. ಇಬ್ಬರೂ ಧನ್ಯರಾದರು.

ಆಮೇಲೆ ನಡೆದದ್ದನ್ನು ಯಾರಾದರೂ ಊಹಿಸಬಹುದು. ಒಬ್ಬರ ಕಾರು ನಿಲ್ಲದಿದ್ದರೆ, ನಿಲ್ಲುವ ಕಾರಿನವರಿಗೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ನಿಂತ ಕಾರಿನಲ್ಲಿದ್ದ ಅಧಿಕಾರಿಗಳನ್ನು ಜನ ಮುತ್ತಿಕೊಂಡು ಮಾತನಾಡಿಸತೊಡಗಿದರು. ಒಬ್ಬರ ಕೈಲಂತೂ ರಸ್ತೆಯ ಗುಂಡಿ ಮುಚ್ಚಿಸಿಯೇಬಿಟ್ಟರು. ಹೆದರಿದ ಉಪನಿರ್ದೇಶಕರು, ಸಹಾಯಕ ನಿರ್ದೇಶಕರು, ಲೆಕ್ಕಾಧಿಕಾರಿಗಳು ಒಬ್ಬರ ಹಿಂದೊಬ್ಬರು ಗ್ಯಾರೇಜಿನ ಮುಂದೆ ಸಾಲುಗಟ್ಟಿದರು. ನಾದಿನಿ ಹೊಸ ಬೋರ್ಡು ಹಾಕಿಸಿದಳು: 'ಸುಸ್ಥಿತಿಯಲ್ಲಿರುವ ಎಲ್ಲಾ ಬಗೆಯ ಎಂಜಿನ್‌ಗಳನ್ನು ಖಾತರಿಯಾಗಿ ಕೆಡಿಸಿಕೊಡಲಾಗುವುದು.' ಅವಳನ್ನು ಇಲಾಖೆಯ ಐಡ್ಲಿಂಗ್ ಸಲಹೆಗಾರ್ತಿಯಾಗಿ ನೇಮಿಸಲಾಯಿತು. ಕೆಟ್ಟ ಸೆನ್ಸರಿಗೆ ಬೇಡಿಕೆ ಹೆಚ್ಚಿ, ಮಾರುಕಟ್ಟೆಯಲ್ಲಿ ಹೊಸದಕ್ಕಿಂತ ಹಾಳಾದದ್ದಕ್ಕೇ ಕಿಮ್ಮತ್ತು ಬಂತು. ಮೋಸಗಾರರು ಹಾಳಾದದ್ದೆಂದು ಹೇಳಿ ಒಳ್ಳೆಯ ಸೆನ್ಸರ್ ಮಾರಿ ಸಿಕ್ಕಿಬಿದ್ದರು.

ಇಷ್ಟಾದ ಮೇಲೆ ಸಾರ್ವಜನಿಕರಿಗೂ ಅನುಕೂಲ ಮಾಡಿಕೊಡಬೇಕಲ್ಲವೇ? ಇಲಾಖೆಯ ಗೋಡೆಗಳ ಮೇಲೆ ಪ್ರಕಟಣೆ ಬಿತ್ತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಲಾಖೆಯು ಇನ್ನು ಮುಂದೆ ಜನರ ಬಳಿಗೇ ಬರಲಿದ್ದು, ಜನರ ಬಳಿಯಿಂದಲೇ ಹೋಗಲಿದೆ. ಅಹವಾಲುದಾರರು ವಾಹನವು ಸಾಗುವ ದಿಕ್ಕಿನಲ್ಲಿಯೇ ಓಡತಕ್ಕದ್ದು. ಎದುರು ದಿಕ್ಕಿನಿಂದ ಓಡಿಬಂದವರ ಅಹವಾಲನ್ನು ಅರ್ಧ ಅಹವಾಲೆಂದು ಪರಿಗಣಿಸಲಾಗುವುದು. ಏದುಸಿರು ಬಿಡುತ್ತಾ ಹೇಳಿದ ಮಾತುಗಳಲ್ಲಿ ಕೇಳಿಸಿದಷ್ಟು ಮಾತ್ರ ದಾಖಲಾಗುವುದು. ವಾಹನ ನಿಲ್ಲಿಸುವಂತೆ ಕೋರುವುದು ಪ್ರಗತಿಗೆ ಅಡ್ಡಿಪಡಿಸಿದಂತೆ."

ಜನ ಓದಿದರು, ಶೂ ಕೊಂಡರು. ವೈದ್ಯರೂ ಇದನ್ನು ಸ್ವಾಗತಿಸಿದರು. ಸಕ್ಕರೆ ಕಾಯಿಲೆ ಹತೋಟಿಗೆ ಬಂದಿತ್ತು. ಡ್ರಾಯಿಂಗ್ ಮೇಷ್ಟ್ರು ಬೆಳಗಿನ ಹೊತ್ತು ಮೈದಾನದಲ್ಲಿ ಅಹವಾಲು ಓಟದ ತರಗತಿ ತೆರೆದರು. ಕಂಬದ ವಿಷಯ ಏನಾಯಿತೆಂದು ಯಾರಾದರೂ ಕೇಳಿದರೆ, "ಕಂಬ ಇರೋದೇ ಒಳ್ಳೇದಾಯ್ತು, ಓಡಿ ಬಂದ ಮೇಲೆ ಅದನ್ನ ಹಿಡ್ಕೊಂಡು ಕಾಲು ಎಳೆದು ಸಡಿಲ ಮಾಡ್ಕೊಳ್ತೀನಿ," ಎನ್ನುತ್ತಿದ್ದರು.

ನ್ಯೂಟ್ರಲ್ ಅವರಿಗೆ ಉಪನಿರ್ದೇಶಕರಾಗಿ ಬಡ್ತಿ ಸಿಕ್ಕಿತು. ಜೊತೆಗೊಂದು ಕಾರು, ಅದಕ್ಕೆ ನಾದಿನಿಯೇ ಕೈಯಾರೆ ಕೂರಿಸಿದ ಕೆಟ್ಟ ಸೆನ್ಸರು. ಓಡುವುದು ತಪ್ಪಿ ಮಂಡಿ ಹೂವಿನಂತಾಯಿತು. ಹಿಂದಿನ ಸೀಟಿಗೆ ಒರಗಿಕೊಂಡು, ಕೇಳಿದ್ದಕ್ಕೆಲ್ಲ ಹೌದು ಹೌದು ಎನ್ನುತ್ತಾ ಸುತ್ತುತ್ತಿದ್ದರು. ಕಾರು ನಿಲ್ಲದ ಮೇಲೆ ಹೌದೆನ್ನುವುದಕ್ಕೆ ಭಯವೇನು?

ಆ ದಿನಗಳಲ್ಲೇ ಅವರ ಮನೆಯ ಮುಂದಿನ ಚರಂಡಿ ಕಟ್ಟಿಕೊಂಡಿತು. ನಾತ ಅಡುಗೆಮನೆಯವರೆಗೂ ಬರುತ್ತಿತ್ತು. ಹೆಂಡತಿ ಊಟ ಬಡಿಸುತ್ತಾ ವಿಷಯ ಎತ್ತಿದಳು.

"ಮನೇಲಿ ಕಚೇರಿ ಮಾತು ಬೇಡ ಕಣೇ," ಎಂದರು ಅವರು, ಮೂಗು ಮುಚ್ಚಿಕೊಂಡು ಅನ್ನ ಕಲಸುತ್ತಾ. "ನಾಳೆ ರಸ್ತೆಗೆ ಬಾ. ನಿಂಗೆ ಅಂತ ಬೇರೆ ನಿಯಮ ಮಾಡೋಕಾಗತ್ತಾ?"

ಅವಳೂ ಒಪ್ಪಿದಳು, ನ್ಯಾಯ ಎಲ್ಲರಿಗೂ ಒಂದೇ. ಬೆಳಿಗ್ಗೆ ಬಿಳೀ ಕ್ಯಾನ್ವಾಸ್ ಶೂ ಕಟ್ಟಿಕೊಂಡು ತಿರುವಿನಲ್ಲಿ ನಿಂತಳು. ಕಾರು ಬಂತು. ಅವಳು ಓಡಿದಳು. ಪಕ್ಕದಲ್ಲಿ ಓಡುತ್ತಿದ್ದ ಮೇಷ್ಟ್ರು, "ಉಸಿರು ಮೂಗಲ್ಲಿ ಎಳ್ಕೊಳ್ಳಿ ತಾಯಿ, ಅಹವಾಲು ಬಾಯಲ್ಲಿ ಬಿಡಿ," ಎಂದು ಹುರಿದುಂಬಿಸಿದರು. ಅವಳು ಒಬ್ಬೊಬ್ಬರನ್ನೇ ಹಿಂದೆ ಹಾಕಿ, ಗುಮಾಸ್ತರನ್ನೂ ದಾಟಿ, ಕಿಟಕಿಯ ಸಮಕ್ಕೆ ಬಂದಳು. ಗಾಜು ಇಳಿಯಿತು.

"ರೀ... ಚರಂಡಿ..."

ಅವರು ಹೆಂಡತಿಯನ್ನು ಹೀಗೆ ನೋಡಿ ಎಷ್ಟು ಕಾಲವಾಗಿತ್ತೋ! ಕೆಂಪೇರಿದ ಮುಖ, ಹಾರುವ ಕೂದಲು.

"ಅಬ್ಬಾ, ಎಷ್ಟು ಚೆನ್ನಾಗಿ ಓಡ್ತೀಯೇ ನೀನು!" ಎಂದರು.

ಗಾಜು ಏರಿತು. ಕಾರು ಮುಂದೆ ಹೋಯಿತು.

ಸಂಜೆ ತಂಗಿ ಬಂದಾಗ ಅವಳು ಕಾಲು ಚಾಚಿಕೊಂಡು ಕೂತು ಅದನ್ನೇ ಹೇಳುತ್ತಿದ್ದಳು.

"ಸರಿ ಅಕ್ಕ, ಚರಂಡಿ ಏನಾಯ್ತು?"

"ಅದಿರ್ಲಿ ಬಿಡೇ. ಎಲ್ಲರಿಗೂ ಅರ್ಧ ಇಳಿಸೋರು, ನಂಗೆ ಗಾಜು ಪೂರ್ತಿ ಇಳಿಸಿದ್ರು ಕಣೇ!"

ಹೇಳುತ್ತಲೇ ಎದ್ದು, ಶೂಗಳನ್ನು ತೊಳೆದು, ನಾಳೆಗೆ ಒಣಗಲೆಂದು ಚರಂಡಿಯ ಕಟ್ಟೆಯ ಮೇಲೆ ಜೋಡಿಸಿಟ್ಟಳು.